ಸೋತವರಿಗೆ ಒರಗು ಕುರ್ಚಿ

ಆರ್ವಿಲ್‌ಗೆ ಸೋಲುವುದು ಹೊಸತಲ್ಲ. ಬಸ್ಸು ಓಡಿಸಿ ನಿವೃತ್ತನಾದ ಮೇಲೆ ಲಾಸ್ ವೇಗಸ್‌ನ ಸಣ್ಣದೊಂದು ಕ್ಯಾಸಿನೊದಲ್ಲಿ ಪೋಕರ್ ಇಸ್ಪೀಟು ಆಡಿ, ದಿನವೂ ಸೋತೇ ಮನೆಗೆ ಹೋಗುತ್ತಿದ್ದ. ಸೋತ ಕೂಡಲೆ ತನ್ನ ಎಲೆಗಳನ್ನು ಯಾರಿಗೂ ತೋರಿಸದೆ, ಕವುಚಿ, ಬಿಸಾಕಿದ ಎಲೆಗಳ ರಾಶಿಗೆ ಜಾರಿಸಿಬಿಡುವುದು ಅವನ ಚಾಳಿ. ಏನಿಟ್ಟುಕೊಂಡು ಸೋತೆ ಎಂಬುದು ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಆ ಮಂಗಳವಾರ ಮಾತ್ರ ಸೋಲಿಗೇ ಬೆಲೆ ಬಂದಿತ್ತು. ಮಧ್ಯಾಹ್ನ ಖಾಲಿ ಹೊಡೆಯುವ ಮೇಜುಗಳನ್ನು ತುಂಬಿಸಲು ಕ್ಯಾಸಿನೊದವರು ಬೋರ್ಡು ಹಾಕಿದ್ದರು: ಮೂರು ಗಂಟೆಯೊಳಗೆ ಜೋಡಿ ಎಕ್ಕ ಇಟ್ಟುಕೊಂಡೂ ಮೊದಲು ಸೋತವರಿಗೆ, ಎಲೆ ತೋರಿಸಿದರೆ, ಕಾಲು ಚಾಚಿ ಒರಗುವ ಚರ್ಮದ ಕುರ್ಚಿ.

ಹೆಂಡತಿ ವೆಲ್ಮಾಳಿಗೆ ಸೊಂಟನೋವು. ಮನೆಯ ಹಳೇ ಕುರ್ಚಿಯ ಸ್ಪ್ರಿಂಗು ಮುರಿದು ತಿವಿಯುತ್ತಿತ್ತು. ಆರ್ವಿಲ್ ಕೂಡಲೇ ಫೋನು ಮಾಡಿದ.

"ಇವತ್ತು ಹೊಸ ಕುರ್ಚಿ ಬರತ್ತೆ ಕಣೇ."

ಮಗ್ಗುಲಲ್ಲಿ ಕೂತಿದ್ದ ಗಾರ್ಲ್ಯಾಂಡ್ ಪಕ್ಕದ ಮನೆಯವನೇ. "ಹಾಗಾದ್ರೆ ಹಳೇದನ್ನ ನಮ್ಮನೆಗೆ ಕಳಿಸಕ್ಕೆ ಹೇಳಯ್ಯ, ನಮ್ಮ ನಾಯಿಗಾಗತ್ತೆ" ಎಂದ. ಆರ್ವಿಲ್ ಅದನ್ನೂ ಹೇಳಿಬಿಟ್ಟ.

ಆಟ ಮಾತ್ರ ಏಳಲೇ ಇಲ್ಲ. ಎಕ್ಕ ಬರದವರೆಲ್ಲ ಎಲೆ ಎಸೆದು ಆಟ ಬಿಟ್ಟು, ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಸರದಿ ಕಾಯುವವರಂತೆ ಕೂರುತ್ತಿದ್ದರು. ಎಲೆ ಹಂಚುವ ಮರಿಸೆಲ್ ಗೊಣಗಿದಳು, "ಯಾರೂ ಆಡ್ದೆ ಇದ್ರೆ ನಂಗೆ ಟಿಪ್ಸ್ ಎಲ್ಲಿಂದ ಬರಬೇಕು?"

ಅಷ್ಟರಲ್ಲಿ ಆರ್ವಿಲ್‌ಗೆ ಜೋಡಿ ಎಕ್ಕ ಬಂತು. "ನೀವೂ ಆಡಿ, ಸಂಕೋಚ ಬೇಡ" ಎಂದು ಎಲ್ಲರಿಗೂ ಹಲ್ಲು ಕಿರಿದ.

"ಇವನು ಯಾವತ್ತು ಹೀಗೆ ನಕ್ಕಿದ್ದ?" ಎಂದ ಗಾರ್ಲ್ಯಾಂಡ್. "ಎಕ್ಕ ಬಂದಿದೆ, ಬಿಡ್ರೋ."

ಎಲ್ಲರೂ ಎಲೆ ಎಸೆದರು. ಆರ್ವಿಲ್ ಗೆದ್ದುಬಿಟ್ಟ. ಗೆದ್ದ ಪಣದ ಬಿಲ್ಲೆಗಳನ್ನು ಅಳುಮೋರೆಯಲ್ಲೇ ಎಳೆದುಕೊಂಡ.

ಮೂರಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಾಗ ಮತ್ತೆ ಜೋಡಿ ಎಕ್ಕ. ಈ ಸಲ ಹುಷಾರಾಗಿ ಮುಖ ಗಂಟಿಕ್ಕಿಕೊಂಡ. ಎದುರಿನ ಅಜ್ಜಿ ರೋಸಾಲ್ಬಾ ನಂಬಿ ಕೊನೆಯವರೆಗೂ ಆಡಿದಳು. ಮೇಜಿನ ಮೇಲೆ, ಎಲ್ಲರಿಗೂ ಸೇರಿದ ಎಲೆಗಳಲ್ಲಿ ಕೊನೆಯದಾಗಿ ಏಳು ಬಿತ್ತು. ಅಜ್ಜಿ ತನ್ನ ಎರಡು ಏಳುಗಳನ್ನು ತೆರೆದಿಟ್ಟಳು.

"ಮೂರು ಏಳು. ಬೇಜಾರು ಮಾಡ್ಕೋಬೇಡಪ್ಪಾ."

"ಬೇಜಾರಾ? ನೂರು ವರ್ಷ ಬಾಳು ತಾಯಿ" ಎಂದು ಆರ್ವಿಲ್ ಕುರ್ಚಿಯಿಂದ ಚಂಗನೆ ಎದ್ದ.

"ಅದ್ಸರಿ, ನಿನ್ನ ಎಲೆ ಎಲ್ಲಿ?" ಎಂದ ಗಾರ್ಲ್ಯಾಂಡ್.

ಆರ್ವಿಲ್ ಕೈ ನೋಡಿಕೊಂಡ. ಖಾಲಿ. ಬಾಯಿ ಅಜ್ಜಿಯನ್ನು ಹರಸುತ್ತಿದ್ದಾಗ ಕೈ ತನ್ನ ಹಳೇ ಕೆಲಸ ಮುಗಿಸಿತ್ತು.

"ರಾಶಿಗೆ ಸೇರಿದ್ದನ್ನ ತೆಗೆಯೋ ಹಾಗಿಲ್ಲ ಆರ್ವಿಲ್" ಎಂದಳು ಮರಿಸೆಲ್, ಪಾಪ ಅನ್ನಿಸಿಯೇ.

ಆರ್ವಿಲ್‌ಗೆ ರೇಗಿತು. ಮೂರು ಹೊಡೆಯುವ ಮುಂಚಿನ ಕೊನೆಯ ಆಟದಲ್ಲಿ ಒಂಬತ್ತು, ನಾಲ್ಕರಂಥ ಕೆಲಸಕ್ಕೆ ಬಾರದ ಎಲೆ ಬಂದಿದ್ದರೂ ಇದ್ದಬದ್ದ ಬಿಲ್ಲೆಯನ್ನೆಲ್ಲ ಮುಂದೆ ತಳ್ಳಿದ. ಗಾರ್ಲ್ಯಾಂಡ್ ಒಬ್ಬನೇ ಎದುರು ನಿಂತ. ಮೇಜಿನ ಮೇಲೂ ಒಂದು ಒಂಬತ್ತು, ಒಂದು ನಾಲ್ಕು ಬಿದ್ದು, ಎರಡು ಜೋಡಿಯಾಗಿ ಆರ್ವಿಲ್ ಗೆದ್ದ. ಗಾರ್ಲ್ಯಾಂಡ್ ತನ್ನ ಎರಡು ಎಕ್ಕಗಳನ್ನು ಒಂದೊಂದಾಗಿ ತಿರುಗಿಸಿಟ್ಟು ಅವನ ಕೈ ಕುಲುಕಿದ.

"ತುಂಬಾ ಉಪಕಾರ ಆಯ್ತಯ್ಯ. ಹಳೇದು ಇನ್ನು ಬೇಡ, ವಾಪಸ್ ತಗೊಂಡೋಗು. ಹಾಗೇ ಹೊಸಾದಕ್ಕೂ ಒಂದು ಕೈ ಹಿಡಿ."

ಸಂಜೆ ಹೊಸ ಕುರ್ಚಿಯನ್ನು ಗಾರ್ಲ್ಯಾಂಡ್ ಮನೆಗೆ ಹೊತ್ತು ಹಾಕಿ, ನಾಯಿಕೂದಲು ಮೆತ್ತಿಕೊಂಡಿದ್ದ ಹಳೆಯದನ್ನು ಆರ್ವಿಲ್ ತನ್ನ ಮನೆಗೆ ತಂದ. ನಡೆದದ್ದನ್ನೆಲ್ಲ ಹೇಳಿದ. ವೆಲ್ಮಾ ಸೊಂಟ ಹಿಡಿದು ನಿಧಾನಕ್ಕೆ ಕೂತಳು. ಸ್ಪ್ರಿಂಗು ತಿವಿಯಿತು.

"ಇಷ್ಟು ವರ್ಷ ದಿನಾ ಸೋತ್ಕೊಂಡು ಬಂದೆ" ಎಂದಳು. "ಬೇಕಾದ ದಿನ ನೆಟ್ಟಗೆ ಸೋಲಕ್ಕೂ ಬರಲಿಲ್ವಲ್ಲ ನಿಂಗೆ."