ಜಪಾನಿ ಅಜ್ಜಿಯ ಕೆಂಡದ ಟೇಬಲ್

ಒಬ್ಬಳೇ ಹೋಟೆಲಿಗೆ ಹೋಗುವ ಹೆಂಗಸಿಗೆ ಏನಾದರೊಂದು ಆಗದೆ ಇರುವುದಿಲ್ಲ ಮಾರಾಯ್ರೆ. ಉಡುಪಿ ಕಡೆಯ ನರ್ಸ್ ನಾನು, ಕೆಲಸ ಲಂಡನ್ನಿನ ಆಸ್ಪತ್ರೆಯಲ್ಲಿ. ಎಲ್ಲರ ಕೈಗೂ ಮೊಬೈಲು ಬರತೊಡಗಿದ ಕಾಲದಲ್ಲಿ ನಮ್ಮವರು ತೀರಿಕೊಂಡರು. ಮಗಳು ಲಂಡನ್ನಿನ ಇನ್ನೊಂದು ತುದಿಯ ಕ್ರೋಯ್ಡನ್‌ನಲ್ಲಿ, ಫೋನಿನಲ್ಲಿ ನಾನು ಕೊಂಕಣಿ, ಅವಳು ಇಂಗ್ಲಿಷ್. ಗ್ರೀನ್‌ಫರ್ಡಿನ ನನ್ನ ಮನೆಯಲ್ಲಿ ಒಬ್ಬಳಿಗಾಗಿ ಅಡುಗೆ ಮಾಡುವುದೆಂದರೆ ಜೀವಕ್ಕೇ ಬೇಸರ. ಊಟಕ್ಕೆ ಎದುರಿಗೆ ಒಬ್ಬರು ಕೂತರೆ ಸಾಕು ಅಂತ ಆಸೆ. ಹಾಗೆ ಹೋದದ್ದು ಟ್ಯೂಬ್ ರೈಲಿನ ಸ್ಟೇಷನ್ನಿನ ಹಿಂದಿದ್ದ ಜಪಾನಿ ಹೋಟೆಲಿಗೆ.

ಆರು ವಿಷಲ್

ಪುಟ್ಟ ಜಾಗ. ಪ್ರತಿ ಟೇಬಲಿನ ನಡುವೆ ಕೆಂಡ, ಅದರ ಮೇಲೆ ಜಾಲರಿ. ಮಾಲಕಿ ಒಬ್ಬಳು ಜಪಾನಿ ಅಜ್ಜಿ. ತೆಳ್ಳಗೆ ಕೊಯ್ದ ಬೀಫ್ ತಂದಿಟ್ಟಳು.

"ಇದು ಬೆಂದಿಲ್ಲ," ಅಂದೆ.

"ನೀವೇ ಬೇಯಿಸಬೇಕು."

ಎಂತ ಕರ್ಮ! ಮನೆಯಲ್ಲಿ ಬೇಯಿಸಲು ಉದಾಸೀನ ಅಂತ ಬಂದರೆ ಇಲ್ಲಿ ದುಡ್ಡು ಕೊಟ್ಟು ಬೇಯಿಸಬೇಕಂತೆ! ಆಯ್ತು ಅಂತ ಜಾಲರಿಯ ಮೇಲೆ ಹಾಕಿದೆ. ಎರಡು ಸಲ ಮಗುಚುವಷ್ಟರಲ್ಲಿ ಅಜ್ಜಿ ಓಡಿ ಬಂದು, "ಆಯ್ತು, ಆಯ್ತು! ಸುಟ್ಟು ಹೋಗ್ತದೆ!" ಅಂತ ಎತ್ತಿ ನನ್ನ ತಟ್ಟೆಗೆ ಹಾಕಿದಳು. ಒಳಗೆ ಇನ್ನೂ ಕೆಂಪು.

"ನಮ್ಮಲ್ಲಿ ಇದಕ್ಕೆ ಕುಕ್ಕರಿನಲ್ಲಿ ಆರು ವಿಷಲ್," ಅಂದೆ. ಅವಳಿಗೆ ವಿಷಲ್ ಗೊತ್ತಿಲ್ಲ. ಶಿಲುಬೆಯ ಗುರುತು ಮಾಡಿ ನುಂಗಿದೆ. ಬೆಣ್ಣೆ ಮಾರಾಯ್ರೆ! ಏಳನೆಯ ತುಂಡಿಗೆ ದೇವರ ನೆನಪೂ ಇರಲಿಲ್ಲ.

ಟ್ರಾಫಿಕ್

ಮುಂದಿನ ವಾರ ಬಾಗಿಲಲ್ಲೇ ಅಜ್ಜಿ, "ಎಷ್ಟು ಜನ?" ಅಂದಳು. ಹಳೇ ಅಭ್ಯಾಸ ನೋಡಿ, "ಇಬ್ಬರು" ಅಂತ ಬಾಯಿಗೆ ಬಂತು. ಎರಡು ತಟ್ಟೆ ಬಂದವು. ಒಂದನ್ನು ತೆಗೆಯಿರಿ ಅನ್ನಲು ಮನಸ್ಸಾಗಲಿಲ್ಲ.

"ಗಂಡ ಬರಲಿಲ್ವಾ?"

"ಟ್ರಾಫಿಕ್," ಅಂದೆ.

ಅಲ್ಲಿಂದ ಪ್ರತಿ ವಾರವೂ ಅವಳು ಎರಡು ತಟ್ಟೆ ಇಟ್ಟು, "ಇವತ್ತಾದರೂ ಬರ್ತಾರಾ?" ಅಂತ ಕೇಳುವುದು, ನಾನು ಟ್ರಾಫಿಕ್ ಅನ್ನುವುದು. ಬದುಕಿದ್ದಾಗಲೂ ಅವರು ಹೇಳಿದ ಹೊತ್ತಿಗೆ ಬಂದವರಲ್ಲ, ಹಾಗಾಗಿ ಸುಳ್ಳು ಹೇಳಿದೆ ಅಂತ ಅನಿಸಲೂ ಇಲ್ಲ.

ಡಾಕ್ಟರಮ್ಮನ ಕುಂಬಳಕಾಯಿ

ನಮ್ಮ ವಾರ್ಡಿನ ಮೈಸೂರಿನ ಡಾಕ್ಟರಮ್ಮನಿಗೆ ನನ್ನ ಮೇಲೆ ಕರುಣೆ ಬಂತು. "ಒಬ್ರೇ ಯಾಕೆ ಹೋಗ್ತೀರಾ ಸಿಸ್ಟರ್? ನಾನೂ ಬರ್ತೀನಿ. ತರಕಾರಿ ಸುಟ್ಕೊಂಡು ತಿಂತೀನಿ."

ನನಗೆ ಖುಷಿಯೋ ಖುಷಿ. ಅಂತೂ ಎದುರಿಗೆ ಒಬ್ಬರಾದರಲ್ಲ! ಆದರೆ ಬಂದು ಜಾಲರಿಯ ಮೇಲೆ ನನ್ನ ಬೀಫ್ ನೋಡಿದ್ದೇ ತಡ, "ಅಯ್ಯೋ ಶಿವನೇ, ಇದರ ಮೇಲೇ ನಂದೂನಾ?" ಅಂತ ಎದ್ದು ಬೇರೆ ಟೇಬಲಿಗೆ ಹೋದರು. ನಮ್ಮ ನಡುವಿನ ಟೇಬಲಿನಲ್ಲಿ ಕೈ ಕೈ ಹಿಡಿದುಕೊಂಡ ಹುಡುಗ ಹುಡುಗಿ. ಅವರ ತಲೆಯ ಮೇಲಿಂದಲೇ ನಮ್ಮ ಮಾತುಕತೆ.

"ಕುಂಬಳಕಾಯಿ ಚೆನ್ನಾಗಿದೆ ಸಿಸ್ಟರ್!"

"ಬೀಫೂ ಚೆನ್ನಾಗುಂಟು ಡಾಕ್ಟ್ರೇ!"

ಜೊತೆಗೆ ಜನ ಕರಕೊಂಡು ಹೋಗಿಯೂ ಒಬ್ಬಳೇ ಉಂಡು ಬಂದವಳು ಇಡೀ ಲಂಡನ್ನಿನಲ್ಲಿ ನಾನೊಬ್ಬಳೇ ಇರಬೇಕು.

ಬನ್ನಿ, ಊಟ ಮಾಡುವ

ಒಂದು ಶನಿವಾರ ಹೋಟೆಲ್ ತುಂಬಿತ್ತು. ಬಾಗಿಲ ಬಳಿ ಜಾಗಕ್ಕಾಗಿ ಕಾಯುತ್ತಿದ್ದ ಇಂಗ್ಲಿಷ್ ಮುದುಕರೊಬ್ಬರು ನನ್ನ ಜಾಲರಿಯನ್ನೇ ನೋಡುತ್ತಿದ್ದರು. ಉಣ್ಣುವಾಗ ಯಾರಾದರೂ ನೋಡಿದರೆ ಕರೆಯದೆ ಇರಲು ನಮಗೆ ಆಗ್ತದಾ? "ಬನ್ನಿ, ಊಟ ಮಾಡುವ," ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಊರಿನಲ್ಲಾದರೆ "ಇಲ್ಲ ಇಲ್ಲ, ನಮ್ಮದಾಯ್ತು, ನೀವು ಮಾಡಿ" ಅಂತಾರೆ, ಅಲ್ಲಿಗೆ ಮುಗಿಯಿತು.

ಈ ಮನುಷ್ಯ "ತುಂಬಾ ಥ್ಯಾಂಕ್ಸ್" ಅಂದು, ಕೋಟು ಕಳಚಿ, ಎದುರು ಬಂದು ಕೂತೇ ಬಿಟ್ಟರು! ತಟ್ಟೆ ಹೇಗೂ ತಯಾರಿತ್ತು. ಹಸಿದಿದ್ದರು ಪಾಪ, ನಾನು ಬೇಯಿಸಿದ್ದೆಲ್ಲ ಖಾಲಿ ಮಾಡಿದರು. "ಮನೆಯಲ್ಲಿ ನಾನೊಬ್ಬನೇ," ಅಂದರು. "ನಾನೂ," ಅಂದೆ. ಎಷ್ಟು ಸಮಯದ ಮೇಲೆ ನನ್ನ ಕೈಯಿಂದ ಇನ್ನೊಬ್ಬರ ತಟ್ಟೆಗೆ ಒಂದು ತುಂಡು ಬಿತ್ತು! ಕಣ್ಣು ತುಂಬಿತು, ಹೊಗೆ ಅಂದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಹೊರಬಂದ ಅಜ್ಜಿ ನಮ್ಮನ್ನು ನೋಡಿದಳು. ನೆಟ್ಟಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಮುದುಕರನ್ನು ತರಾಟೆಗೆ ತೆಗೆದುಕೊಂಡಳು. "ಈಗ ಬಂದ್ರಾ? ಪ್ರತಿ ವಾರ ಟ್ರಾಫಿಕ್, ಟ್ರಾಫಿಕ್! ಪಾಪ, ಹೆಂಡತಿ ಎಷ್ಟು ಕಾಯಬೇಕು? ನಾಚಿಕೆ ಆಗುವುದಿಲ್ವಾ?"

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಮುದುಕರಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. ಆಮೇಲೆ ಎದ್ದು ನಿಂತು, ನನಗೆ ತಲೆ ಬಾಗಿಸಿ, "ತಡವಾಯಿತು, ಸಾರಿ," ಅಂದರು.

ಬಿದ್ದು ಬಿದ್ದು ನಕ್ಕೆ. ಅಳುವೂ ಬಂತು. ನಮ್ಮವರು ಬದುಕಿದ್ದಷ್ಟು ಕಾಲ ಒಂದು ದಿನವೂ ತಡವಾದದ್ದಕ್ಕೆ ಸಾರಿ ಹೇಳಿದವರಲ್ಲ!