ಮನೆಗೊಂದಾಳು

ಹೊನ್ನೂರಿನ ಹಿಟ್ಟಿನ ಗಿರಣಿ ಪರಮೇಶನಿಗೆ ಸಿಟ್ಟು ಬರುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಗಿರಣಿಗೆ ಬಂದವರು ಹಿಟ್ಟು ದಪ್ಪವಾಯಿತೆಂದು ಬೈದರೆ ಅವನು ತಲೆಯಾಡಿಸುತ್ತಿದ್ದ. ಸಣ್ಣಗಾಯಿತೆಂದು ಬೈದರೂ ತಲೆಯಾಡಿಸುತ್ತಿದ್ದ. ಊರಿನ ನಾಟಕದಲ್ಲಿ ಅವನಿಗೆ ಯಾವತ್ತೂ ಋಷಿಯ ಪಾತ್ರ, ಅದೂ ಶಾಪ ಕೊಡದ ಋಷಿ. ಇಂಥವನನ್ನು ಹುಡುಕಿಕೊಂಡು ಸಿನಿಮಾ ಬಂದದ್ದು ಅವನ ಗ್ರಹಚಾರ ಎನ್ನದೆ ವಿಧಿಯಿಲ್ಲ.

ಬಂದದ್ದಾದರೂ ಹೇಗೆ? ಶೂಟಿಂಗಿಗೆ ಜಾಗ ನೋಡಲು ಹೊರಟ ಡೈರೆಕ್ಟರೊಬ್ಬ ಬಿಸಿಲು ತಾಳಲಾರದೆ ಗಿರಣಿಯೊಳಕ್ಕೆ ಹೊಕ್ಕ. ಹುಬ್ಬು, ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಪರಮೇಶ ಅವನ ಕಣ್ಣಿಗೆ ಮಗಳನ್ನು ಕಡಿಯಲು ಹೊರಟ ಮುದುಕನಂತೆ ಕಂಡ. ಸಿನಿಮಾದ ಕತೆ ಇಷ್ಟು: ಒಬ್ಬ ಹುಡುಗ, ಒಬ್ಬಳು ಹುಡುಗಿ ಒಡವೆ ಅಡವಿಡುವ ಅಂಗಡಿ ದೋಚಿ ಬೆಟ್ಟದ ದಾರಿ ಹಿಡಿಯುತ್ತಾರೆ. ಹಿಂದೆ ಪೊಲೀಸರು, ಅವರ ಹಿಂದೆ ಮಚ್ಚು ಹಿಡಿದ ಹುಡುಗಿಯ ಅಪ್ಪ. ಅಪ್ಪನಿಗೆ ಒಂದೇ ಸೀನು, ಒಂದೇ ಡೈಲಾಗು. ಪರಮೇಶ ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಡೈರೆಕ್ಟರು ಫೋನ್ ನಂಬರು ಬರೆದುಕೊಂಡು ಹೊರಟುಬಿಟ್ಟಿದ್ದ. ತೊಳೆದ ಮುಖ ನೋಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆಮೇಲೆ ಫೋನಿನಲ್ಲಿ ಡೈಲಾಗು ಹೇಳಿಸಿ ಕೇಳಿದ ಡೈರೆಕ್ಟರಿಗೆ ಎದೆ ಒಡೆಯಿತು. ನಿಮ್ಮ ಸ್ವಂತ ಮಗಳೇ ಓಡಿಹೋದಳು ಅಂದುಕೊಳ್ಳಿ, ಅವಳ ಹೆಸರು ಹಿಡಿದು ಕೂಗಿ, ಸಿಟ್ಟು ತಾನೇ ಬರುತ್ತದೆ, ಶೂಟಿಂಗಿನ ಹೊತ್ತಿಗೂ ಬರದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದ.

ಪರಮೇಶನಿಗೆ ಇದ್ದವಳು ಒಬ್ಬಳೇ ಮಗಳು, ದೀಪ. ಹೆಂಡತಿ ತೀರಿಹೋದ ಮೇಲೆ ಅವಳ ತಲೆ ಬಾಚಿ, ಜಡೆ ಹೆಣೆದು, ಕೊಳ್ಳೇಗಾಲದ ಕಾಲೇಜಿನಲ್ಲಿ ಡಿಗ್ರಿ ಕೊನೆಯ ವರ್ಷದವರೆಗೆ ತಂದು ನಿಲ್ಲಿಸಿದ್ದ. ಸಿನಿಮಾದ ಸಂಗತಿ ಅವನು ಯಾರಿಗೂ ಹೇಳಿರಲಿಲ್ಲ, ಮಗಳಿಗಂತೂ ಮೊದಲೇ ಇಲ್ಲ. ಕೊಳ್ಳೇಗಾಲದ ಟಾಕೀಸಿನಲ್ಲಿ ಅವಳು ಕೂತಿರಬೇಕು, ಪರದೆಯ ಮೇಲೆ ಇದ್ದಕ್ಕಿದ್ದಂತೆ ಅಪ್ಪ ಬರಬೇಕು, ಅವಳು ಕೂತಲ್ಲೇ ಬೆಚ್ಚಬೇಕು ಎಂಬುದು ಅವನ ಆಸೆ. ದಡ್ಡನ ಆಸೆ, ಆದರೆ ಪ್ರೀತಿಯ ಆಸೆ.

ಪರಮೇಶನ ಸೀನಿನ ಶೂಟಿಂಗಿಗೆ ಹಿಂದಿನ ದಿನ ಬೆಳಿಗ್ಗೆ ಮಗಳು ಬಸ್ಸಿಗೆ ಹೊರಟಳು. ಪರಮೇಶ ಹಿತ್ತಲಿಗೆ ಹೋಗಿ ನುಗ್ಗೆಮರದ ಎದುರು ನಿಂತು, ಡೈರೆಕ್ಟರು ಹೇಳಿಕೊಟ್ಟಂತೆಯೇ, ಇದ್ದಷ್ಟು ಉಸಿರು ಎಳೆದು ಕೂಗಿದ.

"ದೀಪಾ, ನೀನು ಯಾವ ಬಸ್ಸು ಹತ್ತಿದ್ರೂ ಬಿಡೋದಿಲ್ಲ. ನಿನ್ನ ತಲೆ, ಅವನ ತಲೆ, ಎರಡನ್ನೂ ತಂದು ಇದೇ ಬಾಗಿಲಲ್ಲಿ ಇಡ್ತೀನಿ."

ಆ ಬೀದಿಯದು ಸಾಲುಮನೆ, ಎರಡು ಮನೆಗೆ ಒಂದೇ ಗೋಡೆ. ಪಕ್ಕದ ಮನೆಯ ರಾಮಮ್ಮ ಇಷ್ಟು ವರ್ಷಕ್ಕೆ ಆ ಗೋಡೆಯ ಆಚೆಯಿಂದ ಒಂದು ಗಟ್ಟಿ ಮಾತು ಕೇಳಿದವಳಲ್ಲ. ಏನಾಯಿತೆಂದು ಅವಳು ಪರಮೇಶನನ್ನು ಕೇಳಬಹುದಿತ್ತು. ಕೇಳಲಿಲ್ಲ. ಪೊರಕೆ ಅಲ್ಲೇ ಎಸೆದು ನೇರವಾಗಿ ಯಜಮಾನ ಶಿವನಂಜಯ್ಯನ ಮನೆಗೆ ಓಡಿದಳು.

ಈ ಬೀದಿಯಲ್ಲಿ ಒಂದು ಕಟ್ಟಳೆ ಇತ್ತು. ಕಾಲುವೆಯ ಹೂಳು ಎತ್ತಲಿ, ಹೆಣ ಎತ್ತಲಿ, ಮಾರಿಗುಡಿಗೆ ಸುಣ್ಣ ಬಳಿಯಲಿ, ಯಜಮಾನ ಕರೆ ಕೊಟ್ಟರೆ ಮನೆಗೊಂದು ಆಳು ಬರಲೇಬೇಕು. ಬಾರದ ಮನೆಯವರ ಜೊತೆ ಬೀದಿ ಮಾತು ಬಿಡುತ್ತಿತ್ತು. ಹುಡುಗಿಯರು ಬೇರೆ ಬೀದಿಯ ಹುಡುಗರ ಜೊತೆ ಹೋದಾಗಲೂ ಇದೇ ಕಟ್ಟಳೆ. ಅಪ್ಪ ಹುಡುಕು ಎನ್ನಬೇಕಾಗಿಲ್ಲ, ಬೇಡ ಎಂದರೂ ನಡೆಯುವುದಿಲ್ಲ. ಹೋದದ್ದು ಬೀದಿಯ ಮಾನ, ಆದ್ದರಿಂದ ಹುಡುಕುವುದು ಬೀದಿಯ ಕೆಲಸ. ಹಿಂದೆ ದೊಡ್ಡಸಿದ್ದಯ್ಯನ ಮಗಳು ಹೋದಾಗ ಹೀಗೇ ಹುಡುಕಿದ್ದರು. ಸಿಕ್ಕಿದಳು. ಆಮೇಲೆ ಬಾವಿಗೆ ಹಾರಿಕೊಂಡಳು ಎಂದರು. ದೊಡ್ಡಸಿದ್ದಯ್ಯ ಈಗಲೂ ಆ ಬಾವಿಯ ಕಟ್ಟೆಯ ಮೇಲೆ ಕೂತಿರುತ್ತಾನೆ, ಅದರ ನೀರು ಮಾತ್ರ ಕುಡಿಯುವುದಿಲ್ಲ.

ಪರಮೇಶ ಇನ್ನಷ್ಟು ಹೊತ್ತು ಅಭ್ಯಾಸ ಮಾಡಿ ಹಿತ್ತಲಿನಿಂದ ಬಂದು ನೋಡಿದರೆ ಬಾಗಿಲಲ್ಲಿ ಮಾದೇಶನ ಟೆಂಪೋ ನಿಂತಿತ್ತು. ಹಿಂದುಗಡೆ ಹತ್ತಾರು ಜನ, ಗೋಣಿತಾಟಿನ ಕೆಳಗೆ ಎಳನೀರು ಕೊಚ್ಚುವ ಮಚ್ಚುಗಳು. ಅದು ಸಿನಿಮಾದ ಡೈಲಾಗು, ದೀಪ ಕಾಲೇಜಿಗೆ ಹೋಗಿದ್ದಾಳೆ ಎಂದು ಅವನು ಒಂದೇ ಉಸಿರಿಗೆ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ದೊಡ್ಡಸಿದ್ದಯ್ಯ ಕೂಡ ಮಗಳು ನೆಂಟರ ಮನೆಗೆ ಹೋಗಿದ್ದಾಳೆ ಎಂದೇ ಹೇಳಿದ್ದ. ಮಗಳು ಓಡಿಹೋಗದಿದ್ದರೆ ಓಡಿಹೋಗಿಲ್ಲ ಎಂದು ಯಾವ ಅಪ್ಪ ಹೇಳುತ್ತಾನೆ?

ಶಿವನಂಜಯ್ಯ ಕೆಟ್ಟವನಲ್ಲ. ಕಷ್ಟವೇ ಅದು. ಅವನು ಪರಮೇಶನ ಬೆನ್ನ ಮೇಲೆ ಕೈಯಿಟ್ಟು, "ಮಾನ ಓದೋನು ಇಂಗೇ ಏಳೋದು ಕಣಪ್ಪ. ನೀನು ಎದೆಗುಂದ್ಬೇಡ, ನಾವಿಲ್ವಾ?" ಎಂದ. ಆಮೇಲೆ ಟೆಂಪೋದ ಕಡೆ ತಿರುಗಿ ತಲೆ ಎಣಿಸಿದ. ಒಂದು ಮನೆ ಕಡಿಮೆ ಬಂತು. ಪರಮೇಶನ ಮನೆಯಿಂದ ಇನ್ನೂ ಆಳು ಹತ್ತಿರಲಿಲ್ಲ.

ಹೀಗೆ ಪರಮೇಶ ತನ್ನ ಮಗಳನ್ನು ಬೇಟೆಯಾಡಲು ತನ್ನ ಮನೆಯ ಪಾಲಿನ ಆಳಾಗಿ ಟೆಂಪೋ ಹತ್ತಿದ. ಹತ್ತದೆ ಉಳಿದರೆ ಅವಳು ಸಿಕ್ಕಿದ ಕಡೆ ಅವಳಿಗೆ ಅಡ್ಡ ನಿಲ್ಲಲು ಯಾರೂ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ದಾರಿಯುದ್ದಕ್ಕೂ ಮಗಳಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಕ್ಲಾಸಿನಲ್ಲಿ ಹಾಗೇ ಇಡುತ್ತಾಳೆ ಎಂದು ಎಲ್ಲರಿಗೂ ಹೇಳಿದ, ತನಗೂ ಹೇಳಿಕೊಂಡ. ಯಳಂದೂರು ದಾಟುವಾಗ ಮಾದಣ್ಣ ಎಂಬವನು ಅವನಿಗೆ ಎಲೆಅಡಿಕೆ ಕೊಟ್ಟು, ಇಂಥ ಹೊತ್ತಿನಲ್ಲಿ ಬಾಯಿ ಒಣಗಬಾರದು ಎಂದ. ಆ ಟೆಂಪೋದಲ್ಲಿ ಅವನನ್ನು ಅಷ್ಟು ಅಕ್ಕರೆಯಿಂದ ನೋಡಿಕೊಳ್ಳದವರು ಯಾರೂ ಇರಲಿಲ್ಲ.

ಕೊಳ್ಳೇಗಾಲದ ಕಾಲೇಜಿನಲ್ಲಿ ದೀಪ ಇವತ್ತು ಬಂದಿಲ್ಲ ಎಂದರು. ಮಾದಣ್ಣ ಗೋಣಿತಾಟಿನ ಕೆಳಗೆ ಕೈಯಾಡಿಸಿದ. ಅಲ್ಲೇ ಎರಡು ಬೀದಿ ಆಚೆ ಪರಮೇಶನ ತಂಗಿ ಮಹಾದೇವಮ್ಮನ ಮನೆ, ಅಲ್ಲಿರಬಹುದು ಎಂದು ಬೇಡಿಕೊಂಡು ಕರೆದೊಯ್ದ.

ಮಹಾದೇವಮ್ಮ ಬಾಗಿಲಿಗೆ ಅಡ್ಡ ನಿಂತು ಅಣ್ಣನನ್ನು ನೋಡಿದಳು, ಅವನ ಹಿಂದಿನ ಟೆಂಪೋ ನೋಡಿದಳು. ದೀಪ ಬೆಳಿಗ್ಗೆ ತಲೆನೋವು ಎಂದು ಇಲ್ಲಿಗೇ ಬಂದಳು, ಮಲಗೆದ್ದು ಈಗತಾನೆ ಗೆಳತಿಯ ಮನೆಗೆ ಓದಲು ಹೋದಳು, ಪರೀಕ್ಷೆ ಮುಗಿಯುವವರೆಗೆ ನನ್ನ ಜೊತೆಯಲ್ಲೇ ಇರುತ್ತಾಳೆ ಎಂದಳು. ಒಳಗೆ ಬಾ ಎಂದು ಮಾತ್ರ ಕರೆಯಲಿಲ್ಲ. ಪರಮೇಶ ಬೀದಿಯಲ್ಲೇ ಕೂತು ಮಗುವಿನಂತೆ ಅತ್ತ.

ಬೀದಿಯವರಿಗೂ ಸಮಾಧಾನವಾಯಿತು, ಆದರೆ ಅರ್ಧ ಮಾತ್ರ. ಹುಡುಗಿ ಓಡಿಹೋಗಿಲ್ಲ ಎಂದಾದರೆ ಬೆಳಿಗ್ಗೆ ಆ ಕೂಗೇಕೆ? ಸಿನಿಮಾ ಇದ್ದರೆ ತೋರಿಸು ಎಂದು ಶಿವನಂಜಯ್ಯ ಹಟ ಹಿಡಿದ. ಟೆಂಪೋ ಹನೂರು ದಾಟಿ ಅಜ್ಜೀಪುರದ ಹಾದಿ ಹಿಡಿಯಿತು.

ಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕದ ದಿಬ್ಬದಲ್ಲಿ ಶೂಟಿಂಗ್ ನಡೆಯುತ್ತಿತ್ತು. ಹೀರೋ ಹೀರೋಯಿನ್ ಕೈಕೈ ಹಿಡಿದು ದಿಬ್ಬ ಇಳಿದು ಓಡಬೇಕು. ಎಷ್ಟು ಓಡಿದರೂ ಡೈರೆಕ್ಟರಿಗೆ ಸಾಲದು, ಮತ್ತೆ ಹತ್ತಿಸುತ್ತಿದ್ದ. ಒಂದು ಸಲ ಹುಡುಗಿ ಮುಗ್ಗರಿಸಿ ಬಿದ್ದಳು. ಮಂಡಿಯಲ್ಲಿ ರಕ್ತ ಕಂಡು ಶಿವನಂಜಯ್ಯ ತಡೆಯಲಾರದೆ, "ಆ ಕೂಸಿಗೆ ಒಸಿ ನೀರು ಕೊಡ್ರಪ್ಪ" ಎಂದ. ಆಮೇಲೆ ಡೈರೆಕ್ಟರ ಹತ್ತಿರ ಹೋಗಿ, ಇವರು ಕೊನೆಗೆ ತಪ್ಪಿಸಿಕೊಳ್ಳುತ್ತಾರೆ ತಾನೆ ಎಂದು ಕೇಳಿದ. ಇಲ್ಲ, ಇಬ್ಬರೂ ಸಾಯುತ್ತಾರೆ ಎಂದ ಡೈರೆಕ್ಟರು. ಶಿವನಂಜಯ್ಯನ ಮುಖ ಬಾಡಿತು. "ಅಷ್ಟು ಚಂದದ ಜೋಡಿ ಸಾ, ಬದುಕಿಸ್ಬುಡಿ" ಎಂದ. ಮಾದಣ್ಣನಿಗೂ ಅದೇ ಅಭಿಪ್ರಾಯ.

ಪರಮೇಶನ ಪಾತ್ರ ನಿಜವೆಂದು ಡೈರೆಕ್ಟರು ಒಪ್ಪಿಕೊಂಡ. ಎಲ್ಲರೆದುರು ಒಂದು ಸಲ ಡೈಲಾಗು ಹೇಳಿ ಎಂದ. ಕೈಗೆ ಮಾದಣ್ಣನ ಮಚ್ಚನ್ನೇ ಕೊಟ್ಟರು. ಪರಮೇಶ ಹೇಳಿದ. ಕರೆಂಟಿಲ್ಲ, ಹಿಟ್ಟಿಗೆ ನಾಳೆ ಬನ್ನಿ ಎನ್ನುವಂತೆ ಕೇಳಿಸಿತು. ಬೀದಿಯವರು ನಕ್ಕು ನಕ್ಕು ಸುಸ್ತಾದರು, ಅಲ್ಲಿಗೆ ಉಳಿದ ಅರ್ಧ ಅನುಮಾನವೂ ಹೋಯಿತು. ಈ ಮನುಷ್ಯ ಸೋರೆಕಾಯಿಯನ್ನೂ ಕಡಿಯಲಾರ.

ಆದರೆ ಊರಿನವನ ಪಾತ್ರ ಕೈತಪ್ಪಿದರೆ ಊರಿಗೇ ಅವಮಾನ. ಎಲ್ಲರೂ ಸೇರಿ ಅವನಿಗೆ ಸಿಟ್ಟು ಕಲಿಸಲು ನಿಂತರು. ಮಚ್ಚು ಹೇಗೆ ಎತ್ತಬೇಕೆಂದು ಮಾದಣ್ಣ ತೋರಿಸಿದ, ಗಂಟಲು ಹೇಗೆ ತೆರೆಯಬೇಕೆಂದು ಶಿವನಂಜಯ್ಯ ತೋರಿಸಿದ. ಅವರಿಗೆ ಅದೆಲ್ಲ ಚೆನ್ನಾಗಿ ಬರುತ್ತಿತ್ತು. ರಸ್ತೆಯ ಅಂಚಿನಲ್ಲಿ ಪರಮೇಶ ಮುಂದೆ, ಬೀದಿಯವರು ಹಿಂದೆ, ಎಲ್ಲರೂ ಮಚ್ಚೆತ್ತಿ ಅಬ್ಬರಿಸುತ್ತಿದ್ದರೆ ಬೆಟ್ಟದ ಬಸ್ಸುಗಳು ನಿಧಾನಿಸಿ ಮುಂದೆ ಹೋಗುತ್ತಿದ್ದವು. ಡೈರೆಕ್ಟರು ಮಾತ್ರ ಒಪ್ಪಲಿಲ್ಲ. ನಾಳೆ ಬೆಳಿಗ್ಗೆ ಇನ್ನೊಂದು ಸಲ ನೋಡುತ್ತೇನೆ, ಆಮೇಲೆ ನಿಮ್ಮ ಅದೃಷ್ಟ ಎಂದ.

ವಾಪಸು ಬರುವಾಗ ಸಂಜೆ ಹನೂರಿನಲ್ಲಿ ಟೀಗೆ ಇಳಿದರು. ಪರಮೇಶನ ಎದೆ ಬೆಳಿಗ್ಗೆಯಿಂದ ಮೊದಲ ಸಲ ಹಗುರವಾಗಿತ್ತು. ಲೋಟ ಬಾಯಿಗಿಡುವಷ್ಟರಲ್ಲಿ ಫೋನ್ ಬಂತು, ಗೊತ್ತಿಲ್ಲದ ನಂಬರು.

"ಅಪ್ಪಾ" ಎಂದಳು ದೀಪ. "ನಾನೂ ಸಿದ್ದರಾಜೂ ಬೆಟ್ಟದಾಚೆ ಗಡಿ ದಾಟಿದ್ವಿ. ಭಾನುವಾರ ನಿಂಗೇ ಏಳ್ಬೇಕು ಅಂತಿದ್ವಿ. ಪುಸ್ತಕ ಮರ್ತು ವಾಪಸ್ ಬಂದೆ, ನೀನು ನನ್ನ ಹೆಸರಿಡ್ಕಂಡು ಕೂಗ್ತಿದ್ದೆ. ನಿಂಗೆ ಗೊತ್ತಾಗೋಯ್ತು ಅಂತ ಅಲ್ಲಿಂದ್ಲೇ ಓಡ್ದೆ. ನೀವು ಅತ್ತೆ ಬಾಗ್ಲಿಗೆ ಬಂದಾಗ ನಾವು ಒಳ್ಗೇ ಇದ್ವಿ. ಅಜ್ಜೀಪುರದಲ್ಲಿ ಬಸ್ಸಿಂದ ನೋಡ್ದೆ, ಎಲ್ಲಾರ್ಗಿಂತ ಮುಂದೆ ನೀನೇ ಮಚ್ಚಿಡ್ಕಂಡು ನಿಂತಿದ್ದೆ. ಆದ್ರೂ ನಂಬಕಾಯ್ತಿಲ್ಲ ಅಪ್ಪ. ಅದು ಸುಳ್ಳು ಅನ್ನು. ಒಂದು ಮಾತು ಅನ್ನು, ಮುಂದಿನ ಬಸ್ಸಿಗೇ ಊರಿಗೆ ಬತ್ತೀವಿ."

ಸಿದ್ದರಾಜು ಕಾಲುವೆಯಾಚೆ ಬೀದಿಯ ಲೈನ್‌ಮ್ಯಾನ್. ಗಿರಣಿಯ ವೈರು ಸುಟ್ಟುಹೋದ ದಿನ ಸುರಿಯುವ ಮಳೆಯಲ್ಲಿ ಕಂಬ ಹತ್ತಿದ ಹುಡುಗ. ಕೇಳಿದ್ದರೆ ಪರಮೇಶ ಎರಡು ಕೈಯಿಂದ ಮಗಳನ್ನು ಕೊಡುತ್ತಿದ್ದ. ಅದು ಸುಳ್ಳು ಕಣವ್ವ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಆ ಮಾತು ಹೇಳಿದರೆ ಅವಳು ಬರುತ್ತಾಳೆ. ಬಂದರೆ ಇಳಿಯುವುದು ಈ ಜನರ ನಡುವೆ.

"ಯಾರ್ಲಾ?" ಎಂದ ಶಿವನಂಜಯ್ಯ.

ಪರಮೇಶ ಫೋನನ್ನು ಕಿವಿಗೆ ಒತ್ತಿ ಹಿಡಿದೇ, "ಡೈರೆಕ್ಟ್ರು. ಡೈಲಾಗು ಏಳು ಅಂತಾವ್ರೆ" ಎಂದ.

"ಏಳು ಮತ್ತೆ, ನಾವೂ ಕೇಳ್ತೀವಿ."

ಎಲ್ಲರೂ ಲೋಟ ಕೆಳಗಿಟ್ಟರು. ಪರಮೇಶ ಬೆಂಚಿನಿಂದ ಎದ್ದ. ಇಡೀ ದಿನ ಬಾರದ ಸಿಟ್ಟು ಆಗ ಬಂತು. ಅದು ಮಗಳ ಮೇಲಿನದಲ್ಲ, ಆದರೆ ಇಳಿಸಲು ಆ ಫೋನ್ ಬಿಟ್ಟು ಬೇರೆ ಜಾಗವಿರಲಿಲ್ಲ.

"ಬರ್ಬೇಡ. ಈ ಕಡೆ ತಲೆ ಆಕ್ಬೇಡ. ನಿಮ್ಮಪ್ಪ ಸತ್ತೋದ ಅನ್ಕೊ. ಇನ್ನೂ ದೂರ ಓಗಿ, ನಮ್ಮ ಭಾಷೆ ಕೇಳ್ದೆ ಇರೋ ಕಡೆ ಓಗಿ. ತಿರುಗಿ ಬಂದ್ರೆ ಇಬ್ರನ್ನೂ ನನ್ನ ಕೈಯಾರೆ ಮುಗಿಸ್ಬುಡ್ತೀನಿ, ನಿಮ್ಮವ್ವನ ಆಣೆಗೂ ಬಿಡದಿಲ್ಲ."

ಆ ಕಡೆಯಿಂದ ಒಂದು ಸಣ್ಣ ಉಸಿರು ಕೇಳಿಸಿತು. ಆಮೇಲೆ ಫೋನ್ ಕಟ್ಟಾಯಿತು.

ಮಾದಣ್ಣ ಟವಲಿನಿಂದ ಕಣ್ಣೊರೆಸಿಕೊಂಡು, ಇದು ಬೇರೆ ಡೈಲಾಗು ಅಲ್ಲವೇ ಎಂದು ಕೇಳಿದ. ಡೈರೆಕ್ಟರು ಬದಲಾಯಿಸಿದ್ದಾರೆ ಎಂದ ಪರಮೇಶ. ಹಿಂದಿನದಕ್ಕಿಂತ ಇದೇ ವಾಸಿ, ಇನ್ನು ಆ ಪಾತ್ರವನ್ನು ನಿನ್ನಿಂದ ಯಾರೂ ಕಿತ್ತುಕೊಳ್ಳಲಾರರು ಎಂದು ಎಲ್ಲರೂ ಬೆನ್ನು ತಟ್ಟಿದರು. ಶಿವನಂಜಯ್ಯನಿಗಂತೂ ಹೆಮ್ಮೆ ತಡೆಯಲಾಗಲಿಲ್ಲ.

"ಬೆಳಿಗ್ಗೆಯಿಂದ ಆ ಮಗೀನ ಸುಮ್ಸುಮ್ನೆ ಅನುಮಾನಿಸ್ಬುಟ್ವಿ ಕಣ್ಲಾ" ಎಂದ. "ನಾಳೆ ಕೊಳ್ಳೇಗಾಲದಲ್ಲಿ ಟೆಂಪೋ ನಿಲ್ಸಿ ಅವಳ್ನೂ ಅತ್ತಿಸ್ಕೊಳವ. ಅಪ್ಪನ ಆ್ಯಕ್ಟಿಂಗು ಅವಳು ನೋಡ್ದೆ ಇನ್ಯಾರು ನೋಡ್ಬೇಕು?"

ಆಗಲಿ ಎಂದು ಪರಮೇಶ ತಲೆಯಾಡಿಸಿದ. ಟೆಂಪೋ ನಾಳೆ ಕೊಳ್ಳೇಗಾಲ ಮುಟ್ಟುವವರೆಗೆ ಮಕ್ಕಳಿಗೆ ಇನ್ನೂ ದೂರ ಹೋಗಲು ಸಮಯವಿತ್ತು. ಅವನು ಕೂತು, ಆರಿಹೋಗಿದ್ದ ಟೀಯನ್ನು ಕೊನೆಯವರೆಗೂ ಕುಡಿದ.