ಬಕೆಟ್ಟಿಲ್ಲದ ಕರಡಿ

ನಿಕಿಫೊರ್ ಇಂದಾನೊವ್‌ನ ಕಷ್ಟಕ್ಕೆಲ್ಲ ಮೂಲ ಒಂದು ನೀಲಿ ಬಕೆಟ್ಟು. ಅದು ಅವನದೂ ಅಲ್ಲ. ಮೀನು ತೊಳೆಯಲು ನದಿಗೆ ಹೋಗಿದ್ದ ಯಾರೋ ದಡದಲ್ಲಿ ಮರೆತು ಬಂದದ್ದು. ಅದರಾಚೆ ನಾಲ್ಕು ಮಾರು ದೂರದಲ್ಲಿ ಒಂದು ಭಾರಿ ಕಂದು ಕರಡಿ ಬಾಯಲ್ಲಿ ಮೀನು ಹಿಡಿದು ನೀರಿನಿಂದ ಏಳುತ್ತಿತ್ತು. ನಿಕಿಫೊರ್ ಕರಡಿಯನ್ನು ನೋಡಿದ, ಮೀನನ್ನು ನೋಡಿದ, ಬಕೆಟ್ಟನ್ನು ನೋಡಲಿಲ್ಲ. ಚಿತ್ರ ತೆಗೆದು ವನ್ಯಧಾಮದ ಕಚೇರಿಗೆ ಕಳಿಸಿದ. ಹದಿನೈದು ದಿನಕ್ಕೆ ಅದು ವಾಪಸು ಬಂತು, ಕೆಳಗೆ ಒಂದು ಸಾಲಿನ ಷರಾ: ‘ಕರಡಿ ಚೆನ್ನಾಗಿದೆ. ಬಕೆಟ್ಟು ನೈಸರ್ಗಿಕ ನೆಲೆಗೆ ಸೇರಿದ್ದಲ್ಲ.’

ನಗುವ ವಿಷಯವಲ್ಲ ಇದು. ಮೂವತ್ತು ವರ್ಷ ಅವನು ಹಳ್ಳಿಯ ಕ್ಲಬ್ಬಿನಲ್ಲಿ ಇಡೀ ಕಣಿವೆಯ ಜನರ ಗುರುತುಪತ್ರಕ್ಕೆ ಮುಖ ತೆಗೆದುಕೊಟ್ಟಿದ್ದ. ಬೆಳಗಿನಿಂದ ಸಂಜೆಯವರೆಗೆ ಅವನು ಆಡುತ್ತಿದ್ದದ್ದು ಮೂರೇ ಮಾತು: ನೇರ ನೋಡಿ, ಗದ್ದ ಎತ್ತಿ, ನಗಬೇಡಿ. ಈ ಶರತ್ಕಾಲಕ್ಕೆ ಕ್ಲಬ್ಬಿನ ಆ ಕೋಣೆ ಮುಚ್ಚುತ್ತದೆಂದು ಹೇಳಿಯಾಗಿತ್ತು. ಆಮೇಲೆ ಅವನಿಗೆ ಉಳಿಯುವುದು ಶಾಲೆಯ ಒಲೆಗೆ ಕಲ್ಲಿದ್ದಲು ಸುರಿಯುವ ಕೆಲಸ. ಇಲ್ಲವೆಂದರೆ ವನ್ಯಧಾಮದವರು ನಮ್ಮ ನದಿಕಣಿವೆಗೆಂದು ಹೊಸದಾಗಿ ತೆರೆದಿರುವ ಹುದ್ದೆ: ಕರಡಿಗಳ ಚಿತ್ರ ತೆಗೆಯುವುದು. ಗುರುವಾರ ಸಂಜೆ ಐದಕ್ಕೆ ಹೆಲಿಕಾಪ್ಟರಿನಲ್ಲಿ ಲಿದಿಯಾ ಅರ್ಕಾದ್ಯೆವ್ನಾ ಎಂಬ ಅಧಿಕಾರಿ ಬರುತ್ತಾಳೆ, ಚಿತ್ರ ನೋಡುತ್ತಾಳೆ, ಅಲ್ಲೇ ಹುದ್ದೆ ಕೊಟ್ಟು ಹಾರಿ ಹೋಗುತ್ತಾಳೆ. ಚಿತ್ರದಲ್ಲಿ ಮನುಷ್ಯನ ಗುರುತು ಒಂದೂ ಇರಕೂಡದು.

ಆವತ್ತು ಗುರುವಾರ. ನಿಕಿಫೊರ್ ಬೆಳಗಿನ ಏಳಕ್ಕೇ ಕ್ಯಾಮೆರಾ ಹೆಗಲಿಗೆ ಹಾಕಿ, ಯಾರ ಕಣ್ಣಿಗೂ ಬೀಳದೆ ಹೋಗುವುದೆಂದು ಹಿಂಬಾಗಿಲಿನಿಂದ ಹೊರಟ. ಹಿಂಬಾಗಿಲಲ್ಲಿ ಪಕ್ಕದ ಮನೆಯ ತಿಮೊಫೇಯ್ ಕೂತಿದ್ದ.

ಮೀನು ನದಿಯ ಮೇಲಕ್ಕೆ ಏರಿ ಕರಡಿಗಳನ್ನು ಸೆಳೆಯುವ ಆಗಸ್ಟ್ ತಿಂಗಳಲ್ಲಿ ಗಂಡ ಒಬ್ಬನೇ ನದಿಗೆ ಹೋಗುವುದು ಬೇಡವೆಂದು ನಿಕಿಫೊರ್‌ನ ಹೆಂಡತಿ ವಾರ್ವಾರಾ ಹಿಂದಿನ ದಿನವೇ ತಿಮೊಫೇಯನಿಗೆ ಹೇಳಿಟ್ಟಿದ್ದಳು. ತಿಮೊಫೇಯ್ ಹಿಂದೆ ಹಿಮಸಾರಂಗ ಮೇಯಿಸುತ್ತಿದ್ದವನು. ಅವನ ಮಾತು ನಂಬುವುದಾದರೆ ಈ ಕಣಿವೆಯ ಪ್ರತಿ ಕರಡಿಯೂ ಒಂದಲ್ಲ ಒಂದು ಸಲ ಅವನಿಂದ ಬುದ್ಧಿ ಕಲಿತದ್ದೇ. ಸೊಂಟದಲ್ಲಿ, ದಾರ ಎಳೆದರೆ ಕೆಂಪು ಬೆಂಕಿ ಕಾರುವ ಕೊಳವೆಯೊಂದನ್ನು ಸಿಕ್ಕಿಸಿಕೊಂಡು, ಮದುವೆ ದಿಬ್ಬಣಕ್ಕೆ ಹೊರಟವನ ಗತ್ತಿನಲ್ಲಿ ಎದ್ದ. ಇಬ್ಬರೂ ಬೀದಿಯ ತುದಿ ಮುಟ್ಟುವುದರೊಳಗೆ ಅಕುಲಿನಾ ಅತ್ತೆ ಬೆರ್ರಿ ಹಣ್ಣಿನ ಬುಟ್ಟಿ ಬೆನ್ನಿಗೇರಿಸಿ ಅವರ ಮುಂದೆಯೇ ನಡೆಯುತ್ತಿದ್ದಳು. ಎಪ್ಪತ್ತೆಂಟು ವರ್ಷದ ಮುದುಕಿ. ಸೊಸೆ ಅವಳೊಬ್ಬಳನ್ನೇ ಕಾಡಿಗೆ ಬಿಡುವುದಿಲ್ಲ. ಅದಕ್ಕೇ ಕಾಡಿಗೆ ಹೋಗುವವರು ಯಾರೆಂದು ದಿನಾ ಕಿಟಕಿಯಲ್ಲಿ ಕಾದಿರುತ್ತಾಳೆ.

“ಅತ್ತೆ, ನಾವು ಕರಡಿ ಹುಡುಕೋಕೆ ಹೋಗ್ತಿರೋದು,” ಎಂದ ನಿಕಿಫೊರ್.

“ಕಾಡಿನ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೀತೀಯಲ್ಲೋ. ಅಜ್ಜ ಅನ್ನು. ನಿಮ್ಮಪ್ಪ ಇಷ್ಟೂ ಕಲಿಸಲಿಲ್ವಾ?”

ಅಪ್ಪ ಕಲಿಸಿದ್ದ. ನಮ್ಮ ಎವೆನ್ ಜನರಲ್ಲಿ ಕಾಡಿನೊಳಗೆ ಯಾರೂ ಕರಡಿಯ ಹೆಸರು ಎತ್ತುವುದಿಲ್ಲ. ನಿಕಿಫೊರ್ ಕ್ಯಾಮೆರಾದ ಪಟ್ಟಿ ಬಿಗಿದು ನಡೆದ.

ಮೊದಲ ಅಜ್ಜ ಸಿಕ್ಕಿದ್ದು ಒಂಬತ್ತಕ್ಕೆ, ನದಿಯ ತಿರುವಿನಲ್ಲಿ. ಆದರೆ ಅಲ್ಲೇ ತುಕ್ಕು ಹಿಡಿದ ಡೀಸೆಲ್ ಡ್ರಮ್ಮೊಂದು ಬಿದ್ದಿತ್ತು. ನಮ್ಮ ಸೀಮೆಯಲ್ಲಿ ಡ್ರಮ್ಮು ಕಾಣದ ಜಾಗ ಹುಡುಕುವುದೆಂದರೆ ಸೊಳ್ಳೆ ಇಲ್ಲದ ಜುಲೈ ಹುಡುಕಿದ ಹಾಗೆ. ಹಿಂದೆ ಯಾವುದೋ ಕಾಲದಲ್ಲಿ ಭೂಮಿ ಅಳೆಯಲು ಬಂದವರು ಬಿಟ್ಟುಹೋದ ಡ್ರಮ್ಮುಗಳು ಅವು. ಕರಡಿ ಪೊದೆಯೊಳಗೆ ಮರೆಯಾದ ಹೊತ್ತು ನೋಡಿಕೊಂಡು ಇಬ್ಬರು ಗಂಡಸರು ಅರ್ಧ ಗಂಟೆ ಬೆವರು ಸುರಿಸಿ ಡ್ರಮ್ಮನ್ನು ನೂರು ಹೆಜ್ಜೆ ಕೆಳಕ್ಕೆ ಉರುಳಿಸಿದರು. ಕರಡಿ ಹೊರಗೆ ಬಂತು. ಡ್ರಮ್ಮು ಇದ್ದ ಜಾಗವನ್ನು ಮೂಸಿತು. ಮನೆಗೆ ಬಂದಾಗ ಕುರ್ಚಿ ಕಾಣದ ಯಜಮಾನನ ಹಾಗೆ ಸುತ್ತ ನೋಡಿತು. ಉರುಳಿಸಿದ ಜಾಡು ಹಿಡಿದು ಕೆಳಗೆ ಹೋಗಿ, ಡ್ರಮ್ಮಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ತುರಿಸಿಕೊಳ್ಳತೊಡಗಿತು.

“ಅದು ಅವನ ಡ್ರಮ್ಮು. ನಿನಗ್ಯಾಕೆ ಬೇಕಿತ್ತು?” ಎಂದಳು ಅತ್ತೆ.

ಎರಡನೆಯವನು ಸಿಕ್ಕಿದ್ದು ಹನ್ನೊಂದಕ್ಕೆ, ಬೆರ್ರಿ ಬಯಲಿನಲ್ಲಿ. ಡ್ರಮ್ಮಿಲ್ಲ, ಬಕೆಟ್ಟಿಲ್ಲ, ಬೆಳಕು ಎಡಗಡೆಯಿಂದ. ನಿಕಿಫೊರ್ ಹೊಟ್ಟೆ ನೆಲಕ್ಕೆ ಹಚ್ಚಿ ತೆವಳಿ, ಉಸಿರು ಬಿಗಿಹಿಡಿದು ಕಣ್ಣಿಟ್ಟ. ಅಷ್ಟರಲ್ಲಿ ಕರಡಿ ಅಕುಲಿನಾಳ ಬುಟ್ಟಿಯ ಕಡೆಗೆ ಎರಡು ಹೆಜ್ಜೆ ಇಟ್ಟಿತು. ಮುದುಕಿ ಸೊಂಟ ನೇರ ಮಾಡಿ, ಅಂಗಡಿಯ ಸಾಲಿನಲ್ಲಿ ಮುಂದೆ ನುಗ್ಗಿದವನಿಗೆ ಹೇಳುವ ದನಿಯಲ್ಲಿ ಹೇಳಿದಳು: “ಅಜ್ಜಾ, ನಿನ್ನ ಹಣ್ಣು ಆ ಕಡೆ ಇದೆ, ನನ್ನದು ಈ ಕಡೆ. ಹೋಗಪ್ಪ.”

ಕರಡಿ ಸ್ವಲ್ಪ ಹೊತ್ತು ಯೋಚಿಸಿತು. ಹೋಯಿತು. ನಿಕಿಫೊರ್‌ನ ಪಾಲಿಗೆ ಬಂದದ್ದು ಹುಲ್ಲಿನ ನಡುವೆ ದೂರವಾಗುತ್ತಿದ್ದ ಹಿಂಭಾಗ ಮಾತ್ರ.

ಮೂರನೆಯದರ ವಿಷಯದಲ್ಲಿ ತಪ್ಪು ಪೂರ್ತಿ ತಿಮೊಫೇಯನದು. ಆಲ್ಡರ್ ಪೊದೆಯ ಅಂಚಿನಲ್ಲಿ ಕರಡಿಯೊಂದು ಎರಡು ಕಾಲಮೇಲೆ ಎದ್ದು ನಿಂತಿತು. ನಿಂತ ಅಂತರ ಎಷ್ಟೆಂಬುದರಲ್ಲಿ ಇವತ್ತಿಗೂ ಭಿನ್ನಾಭಿಪ್ರಾಯವಿದೆ. ನಿಕಿಫೊರ್ ಎಂಬತ್ತು ಹೆಜ್ಜೆ ಎನ್ನುತ್ತಾನೆ, ತಿಮೊಫೇಯ್ ಎಂಟು. ಕಣಿವೆಯ ಕರಡಿಗಳಿಗೆಲ್ಲ ಬುದ್ಧಿ ಕಲಿಸಿದ್ದವನು ಕೊಳವೆಯ ದಾರ ಎಳೆದ. ಇಡೀ ಬೆಟ್ಟದ ಓರೆ ಕೆಂಪು ಹೊಗೆಯಲ್ಲಿ ಮುಳುಗಿತು. ಹೊಗೆ ಕರಗಿದಾಗ ಅಲ್ಲಿ ಕರಡಿಯೂ ಇರಲಿಲ್ಲ, ತಿಮೊಫೇಯನೂ ಇರಲಿಲ್ಲ. ಅವನು ಒಂದು ಮರದ ಮೇಲಿದ್ದ. ಸುತ್ತಮುತ್ತ ಏನಾದರೂ ಕಾಣುತ್ತದೋ ನೋಡಲು ಹತ್ತಿದೆನೆಂದು ವಿವರಿಸಿದ.

ಗಂಟೆ ಎರಡಾಗಿತ್ತು. ಹಳ್ಳಿಗೆ ಒಂದೂವರೆ ಗಂಟೆಯ ದಾರಿ. ಅತ್ತೆ ಚಹಾಕ್ಕೆ ಬೆಂಕಿ ಹಚ್ಚಿ, ಒಣಮೀನು ಬಿಚ್ಚಿ ಕೂತಳು. ನಿಕಿಫೊರ್ ಒಣಮೀನು ಮುಟ್ಟಲಿಲ್ಲ. ನೀರು ತರುತ್ತೇನೆಂದು ಹೇಳಿ ಎದ್ದವನು ಪಾತ್ರೆಯನ್ನು ಅಲ್ಲೇ ಬಿಟ್ಟು, ತೊರೆಯ ಗುಂಟ ಮೇಲಕ್ಕೆ ನಡೆದ. ಕಲ್ಲಿದ್ದಲಿನ ಸಲಿಕೆಯ ಹಿಡಿ ಅವನ ಅಂಗೈಗೆ ಆಗಲೇ ತಾಗುತ್ತಿತ್ತು.

ಬಂಡೆಯ ತಿರುವು ದಾಟಿದಲ್ಲಿ ಅಜ್ಜ ಇದ್ದ.

ಮುದಿ ಕರಡಿ. ಹಿಂಗಾಲ ಮೇಲೆ ಎದ್ದು ಸೊಂಟದವರೆಗೆ ನೀರಿನಲ್ಲಿ ನಿಂತಿತ್ತು. ಕಾಲುಗಳ ಸುತ್ತ ಕೆಂಪು ಮೀನುಗಳು ಸಾಲುಸಾಲಾಗಿ ಏರುತ್ತಿದ್ದರೂ ಅವನ್ನು ಹಿಡಿಯುತ್ತಿರಲಿಲ್ಲ, ಸುಮ್ಮನೆ ನೀರನ್ನು ನೋಡುತ್ತಿತ್ತು. ಹಿಂದೆ ಹಿಮ ಹೊದ್ದ ಜ್ವಾಲಾಮುಖಿ, ಅದರ ನೆತ್ತಿಯಲ್ಲಿ ಒಂದೆಳೆ ಹೊಗೆ. ಲೋಕದಲ್ಲಿ ಡ್ರಮ್ಮೆಂಬುದನ್ನು ಇನ್ನೂ ಯಾರೂ ಮಾಡಿಲ್ಲವೇನೋ ಎಂಬಂತಿತ್ತು ಆ ಜಾಗ. ನಿಕಿಫೊರ್ ಕ್ಯಾಮೆರಾ ಕಣ್ಣಿಗೆ ಏರಿಸಿದ. ಮೂವತ್ತು ವರ್ಷದ ರೂಢಿ, ‘ಗದ್ದ ಎತ್ತಿ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಬೇಕಾಗಲಿಲ್ಲ. ಕರಡಿ ತಾನಾಗಿ ಗದ್ದ ಎತ್ತಿ ಅವನನ್ನು ನೇರ ನೋಡಿತು. ನಗಲಿಲ್ಲ. ಅವನು ಒಂದೇ ಒಂದು ಸಲ ಒತ್ತಿದ. ಇನ್ನೊಂದು ತೆಗೆಯುವುದು ಯಾಕೋ ದುರಾಸೆಯಾದೀತೆನ್ನಿಸಿ ಕ್ಯಾಮೆರಾ ಇಳಿಸಿದ. ಆಮೇಲೆ ಅಜ್ಜ ಆ ದಡಕ್ಕೆ ಹತ್ತಿ, ಮೈ ಕೊಡವಿ, ಕಾಡಿನೊಳಗೆ ಹೋದ.

ನಿಕಿಫೊರ್ ಇಳಿದು ಬಂದಾಗ ಅತ್ತೆ ಅವನ ಮುಖ ನೋಡಿದವಳೇ ಚಹಾದ ಲೋಟ ಕೆಳಗಿಟ್ಟಳು.

“ಬಂದನಾ?”

“ಬಂದ.”

“ಯಾರಿಗೆ ಕೊಡ್ತೀಯ?”

ನಿಕಿಫೊರ್ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡ. ನಮ್ಮವರಲ್ಲಿ ನಿಮಾತ್ ಎಂದೊಂದು ಕಟ್ಟಳೆ. ಕಾಡಿನಿಂದ ಪ್ರಾಣಿ ಬಂದರೆ ಹೊಡೆದವನು ಅದನ್ನು ತನ್ನದೆನ್ನುವಂತಿಲ್ಲ. ‘ನಾನು ಹೊಡೆದೆ’ ಎಂದೂ ಹೇಳುವಂತಿಲ್ಲ. ಇಡಿಯಾಗಿ ಬೇರೆ ಮನೆಯವರೊಬ್ಬರಿಗೆ ಕೊಡಬೇಕು. ಪಡೆದವರು ಅದನ್ನು ಎಲ್ಲ ಮನೆಗೂ ಹಂಚುತ್ತಾರೆ. ಕೊಡದೆ ಇಟ್ಟುಕೊಂಡವನ ಕಣ್ಣಿಗೆ ಆಮೇಲೆ ಕಾಡು ಖಾಲಿ.

ಇದು ಬರೀ ಚಿತ್ರವೆಂದು ಅವನು ವಾದಿಸಿದ. ಅಜ್ಜ ಜೀವಂತವಾಗಿ ಕಾಡಿನಲ್ಲೇ ಇದ್ದಾನಲ್ಲ ಎಂದ.

“ತಲೆ ಬಂತಾ?” ಎಂದು ಅತ್ತೆ ಕೇಳಿದಳು.

“ಬಂತು.”

“ಚರ್ಮ, ಪಂಜ?”

“ಮುಂದಿನ ಪಂಜ ಬಂತು. ಹಿಂದಿನವು ನೀರಿನಲ್ಲಿದ್ದವು.”

“ಮತ್ತೆ? ಅಷ್ಟು ಬಂದ ಮೇಲೆ ಇನ್ನೇನು ಬಾಕಿ?”

ಹಾಗಾದರೆ ಬಕೆಟ್ಟಿನ ಜೊತೆ ತೆಗೆದದ್ದನ್ನು ಯಾರಿಗೂ ಕೊಡಲಿಲ್ಲವಲ್ಲ ಎಂದು ಅವನು ಕೊನೆಯ ಪಟ್ಟು ಹಾಕಿದ. ವಾಪಸು ಬಂದದ್ದು ಬೇಟೆಯ ಲೆಕ್ಕಕ್ಕಿಲ್ಲ ಎಂದು ಮುದುಕಿ ಅದನ್ನೂ ಬಗೆಹರಿಸಿದಳು. ತಿಮೊಫೇಯ್ ಆಗಲೇ ಕೈ ತೊಳೆದು, ಪಡೆಯುವವರು ಕೂರುವ ಹಾಗೆ ಮಂಡಿಯೂರಿ ಕೂತಿದ್ದ. ಜೊತೆಗೆ ಬಂದವನಿಗೆ ಕೊಡುವುದು ವಾಡಿಕೆಯೆಂದು ಗಾಳಿಗೆ ಹೇಳುವವನಂತೆ ಹೇಳಿದ.

ದಾರಿಯುದ್ದಕ್ಕೂ ನಿಕಿಫೊರ್ ಲೆಕ್ಕ ಹಾಕಿದ. ಕೊಡದಿರುವ ಧೈರ್ಯ ಅವನಿಗಿರಲಿಲ್ಲ. ದಿನಾ ಕರಡಿ ಕಾಣಬೇಕಾದ ಕೆಲಸವನ್ನು ಕರಡಿಯೇ ಕಾಣದ ಹಾಗೆ ಮಾಡಿಕೊಂಡು ಶುರು ಮಾಡುವುದುಂಟೆ. ತಿಮೊಫೇಯನಿಗೆ ಕೊಟ್ಟರೆ ಹುದ್ದೆಯನ್ನೂ ಅವನೇ ಕೇಳುತ್ತಾನೆ. ಅಕುಲಿನಾ ಅತ್ತೆಗೆ ಕೊಟ್ಟರೆ? ಅವಳಿಗೆ ಕ್ಯಾಮೆರಾದ ಯಾವ ಕಡೆ ಕಣ್ಣಿಡಬೇಕೆಂದೂ ತಿಳಿಯದು. ಹೆಸರಿಗೆ ಚಿತ್ರ ಅವಳದಾಗುತ್ತದೆ, ಕೆಲಸ ತನ್ನದಾಗುತ್ತದೆ, ಕಟ್ಟಳೆಯೂ ನಿಲ್ಲುತ್ತದೆ. ಇಷ್ಟು ಜಾಣತನ ತನ್ನೊಳಗೆ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಹಳ್ಳಿಯ ಹೊರಗಿನ ಸೇತುವೆಯ ಮೇಲೆ ನಿಂತು, ಬಾಗಿ, ಎರಡೂ ಕೈಯಿಂದ ಕ್ಯಾಮೆರಾ ಚಾಚಿದ.

“ಅತ್ತೆ, ಅಜ್ಜ ನಿನ್ನ ಮನೆಗೆ ಬಂದ.”

ಮುದುಕಿಯ ಕಣ್ಣು ತುಂಬಿ ಬಂತು. ಗಂಡ ಹೋದಮೇಲೆ ತನ್ನ ಮನೆಗೆ ಯಾರೂ ನಿಮಾತ್ ಕೊಟ್ಟಿರಲಿಲ್ಲ ಎಂದಳು. ನಿಕಿಫೊರ್‌ಗೆ ಒಂದು ಕ್ಷಣ ತನ್ನ ಜಾಣತನದ ಬಗ್ಗೆ ನಾಚಿಕೆಯಾಯಿತು. ಒಂದೇ ಕ್ಷಣ.

ಐದಕ್ಕೆ ಹೆಲಿಕಾಪ್ಟರ್ ಇಳಿಯಿತು. ಕ್ಲಬ್ಬಿನಲ್ಲಿ ಊರೆಲ್ಲ ಸೇರಿತ್ತು. ವಾರ್ವಾರಾ ಗಂಡನ ಅಂಗಿಗೆ ಇಸ್ತ್ರಿ ಹಾಕಿ ತಂದಿದ್ದಳು. ಲಿದಿಯಾ ಅರ್ಕಾದ್ಯೆವ್ನಾ ಕನ್ನಡಕ ಏರಿಸಿ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಮೂಲೆಮೂಲೆಯಲ್ಲೂ ಬಕೆಟ್ಟು ಹುಡುಕಿದಳು. ಸಿಗಲಿಲ್ಲ. ಆಮೇಲೆ ಕನ್ನಡಕ ತೆಗೆದು ಕರಡಿಯನ್ನು ನೋಡಿದಳು. ಇಂಥದ್ದು ತನ್ನ ಕಚೇರಿಗೆ ಈವರೆಗೆ ಬಂದಿಲ್ಲವೆಂದಳು.

“ಯಾರು ತೆಗೆದದ್ದು?”

ನಿಕಿಫೊರ್ ಬಾಯಿ ತೆರೆದ. ‘ನಾನು’ ಎನ್ನುವಂತಿರಲಿಲ್ಲ. ಊರಿನ ಅಷ್ಟೂ ಕಣ್ಣು ಅವನ ಮೇಲಿದ್ದವು. “ಅಜ್ಜ ಬಂದಿದ್ದ,” ಎಂದ ಕೊನೆಗೆ.

“ಸರಿ, ಚಿತ್ರ ಯಾರದು?”

“ನನ್ನದು,” ಎಂದು ಅಕುಲಿನಾ ಅತ್ತೆ ಎದ್ದು ನಿಂತಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಿಕಿಫೊರ್ ಕೂಡ ಆಡಿಸಬೇಕಾಯಿತು.

ಚಿತ್ರ ಯಾರದೋ ಹುದ್ದೆ ಅವರದು ಎಂದು ಅಧಿಕಾರಿ ನಿಯಮ ಓದಿದಳು. ಅತ್ತೆ ಒಲ್ಲೆನೆನ್ನುತ್ತಾಳೆ, ತನ್ನತ್ತ ಕೈ ತೋರಿಸುತ್ತಾಳೆ ಎಂದು ನಿಕಿಫೊರ್ ಅಂಗಿಯ ಗುಂಡಿ ಹಾಕಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಅತ್ತೆ ಅವನ ಕಡೆ ನೋಡಲೂ ಇಲ್ಲ.

“ಮಾಂಸದ ಜೊತೆ ಕೊಬ್ಬು ಬರೋದಿಲ್ವಾ, ಹಾಗೇ ಇದೂ ಬಂತು. ಒಬ್ಬಳೇ ತಿನ್ನೋಕಾಗುತ್ತಾ? ಹಂಚ್ತೀನಿ.”

ಲಿದಿಯಾ ಅರ್ಕಾದ್ಯೆವ್ನಾ ನಮೂನೆಯನ್ನು ತಿರುವಿ ನೋಡಿದಳು. ಅದರಲ್ಲಿ ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲುಗಳಿದ್ದವು. ಎಲ್ಲ ಸಾಲಿನಲ್ಲೂ ಒಂದೇ ಹೆಸರಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ತಿಂಗಳಿಗೊಂದು ಚಿತ್ರ ಬಂದರೆ ತಮಗೆ ಸಾಕು, ಚಿತ್ರ ಬಂದ ತಿಂಗಳಿಗೆ ಸಂಬಳ, ತೆಗೆಯುವವರು ಯಾರಾದರೇನು ಎಂದಳು. ಹೊರಗೆ ಪೈಲಟ್ ಆಗಲೇ ರೆಕ್ಕೆ ತಿರುಗಿಸುತ್ತಿದ್ದ.

ಊರಲ್ಲಿ ಇದ್ದದ್ದು ಹನ್ನೆರಡು ಮನೆ. ಅಕುಲಿನಾ ಹಂಚಿಕೆಯಲ್ಲಿ ತಪ್ಪುವವಳಲ್ಲ. ನಾಲ್ಕು ಮಕ್ಕಳ ವಿಧವೆ ಪೆಲಗೇಯಾಗೆ ಮೀನು ಏರುವ ಆಗಸ್ಟ್ ಕೊಟ್ಟಳು. ಕಾಲು ಊನದ ಯೆಗೊರ್‌ಗೆ ಜುಲೈ, ಆಗ ಅಜ್ಜ ಮನೆ ಹಿತ್ತಿಲಿಗೇ ಬರುತ್ತಾನೆ. ಜೊತೆಗೆ ಬಂದು ಮರ ಹತ್ತಿದ ತಿಮೊಫೇಯನಿಗೆ ಜೂನ್. ತನಗೆ ಮೇ ಇಟ್ಟುಕೊಂಡಳು, ಚಳಿಗಾಲವಿಡೀ ಮಲಗಿದ್ದು ಎದ್ದ ಹೊಸದರಲ್ಲಿ ಅಜ್ಜ ಮಾತು ಚೆನ್ನಾಗಿ ಕೇಳುತ್ತಾನಂತೆ. ಸೆಪ್ಟೆಂಬರ್, ಅಕ್ಟೋಬರ್, ಏಪ್ರಿಲ್ ಮುದುಕರಿರುವ ಮನೆಗಳಿಗೆ ಹೋದವು. ನವೆಂಬರ್, ಮಾರ್ಚ್ ಹೆಚ್ಚು ಆಶೆಯಿಲ್ಲದವರಿಗೆ. ಡಿಸೆಂಬರ್, ಫೆಬ್ರವರಿ ಊರಿನ ಇಬ್ಬರು ಸೋಮಾರಿ ಅಣ್ಣತಮ್ಮಂದಿರ ಮನೆಗಳಿಗೆ. ವರ್ಷವಿಡೀ ನಿದ್ದೆ ಮಾಡುವ ಅವರಿಗೆ ಅದರಿಂದ ನಷ್ಟವೇನೂ ಇರಲಿಲ್ಲ.

ತಂದವನು ಕೊನೆಗೆ ಉಳಿದದ್ದನ್ನು ಪಡೆಯುತ್ತಾನೆ. ಅದೂ ಕಟ್ಟಳೆಯೇ. ಅಲ್ಲದೆ ಅದು ಗೌರವದ ಪಾಲು, ಹಾಗೆಂದು ಗುಂಪಿನಲ್ಲಿ ಇಬ್ಬರು ಮೂವರು ಅವನ ಬೆನ್ನು ತಟ್ಟಿ ಹೇಳಿದರು. ಅಕುಲಿನಾ ಅತ್ತೆ ಎರಡೂ ಕೈಯಿಂದ ಕ್ಯಾಮೆರಾ ಚಾಚಿದಳು. ನಿಕಿಫೊರ್ ಬಾಗಿ ಪಡೆದುಕೊಂಡ. ವಾರ್ವಾರಾ ಶಾಲೆಯ ಒಲೆ ಎಷ್ಟು ಗಂಟೆಗೆ ಹಚ್ಚಬೇಕೆಂದು ಮೇಷ್ಟರನ್ನು ವಿಚಾರಿಸಿದಳು.

ಹೆಲಿಕಾಪ್ಟರ್ ಹತ್ತುವ ಮುನ್ನ ಲಿದಿಯಾ ಅರ್ಕಾದ್ಯೆವ್ನಾ ಕಾಗದ ನೋಡಿಕೊಂಡು ಅವನನ್ನು ಹುಡುಕಿ ಬಂದು ಕೈ ಕುಲುಕಿದಳು. ಗಾಳಿಯ ಸದ್ದಿಗೆ ದನಿ ಏರಿಸಿ, ಮನಸಾರೆ ಹೇಳಿದಳು:

“ಜನವರಿಯ ಕರಡಿ ನಮ್ಮ ಕಚೇರಿಯಲ್ಲಿ ಒಂದೂ ಇಲ್ಲ, ನಿಕಿಫೊರ್ ಪೆತ್ರೋವಿಚ್. ನಿಮ್ಮನ್ನೇ ನಂಬಿದ್ದೀವಿ.”